ಯಿಟ್ರಿಯಂ ಹಾಳೆ ಕಲಿಸಿದ ಆರು ಪಾಠಗಳು

ಕ್ಯಾನ್ಸರ್ ಗಡ್ಡೆಗೆ ಅಂಟಿಕೊಳ್ಳುವ ಆ್ಯಂಟಿಬಾಡಿಗಳು ದೇಹದಲ್ಲಿ ಎಲ್ಲಿ ಸೇರಿವೆ ಎಂದು ಪೆಟ್ ಸ್ಕ್ಯಾನ್‌ನಲ್ಲಿ ನೋಡಲು ಜಿರ್ಕೋನಿಯಂ-89 ಬೇಕು. ಯಿಟ್ರಿಯಂ ಲೋಹದ ತೆಳು ಹಾಳೆಗೆ ಸೈಕ್ಲೋಟ್ರಾನ್‌ನಿಂದ ಪ್ರೋಟಾನ್ ಹೊಡೆದು ಅದನ್ನು ತಯಾರಿಸುತ್ತೇವೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟು.

1. ಹಾಳೆಯ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ನಿಸರ್ಗದಲ್ಲಿ ಸಿಗುವ ಯಿಟ್ರಿಯಂ ಪೂರ್ತಿ ಯಿಟ್ರಿಯಂ-89. ತಾಮ್ರ-64 ಮಾಡುವವರಿಗೆ ಈ ಸುಖವಿಲ್ಲ. ಅವರಿಗೆ ಬೇಕಾದ ನಿಕಲ್-64, ಸಾಮಾನ್ಯ ನಿಕಲ್‌ನಲ್ಲಿ ಶೇ. 1ಕ್ಕೂ ಕಡಿಮೆ. ದುಬಾರಿ ಬೆಲೆ ತೆತ್ತು ಕೊಂಡು, ಬಳಸಿದ ಮೇಲೆ ಮರಳಿ ಸಂಗ್ರಹಿಸಬೇಕು.

2. ಶಕ್ತಿಯ ಆಸೆ ಬೇಡ. ಪ್ರೋಟಾನ್ ಶಕ್ತಿ ಸುಮಾರು 13 ಎಂಇವಿ ದಾಟಿತೋ, ಜಿರ್ಕೋನಿಯಂ-88 ಹುಟ್ಟತೊಡಗುತ್ತದೆ. 89ರ ಅರ್ಧಾಯು 78 ಗಂಟೆ, 88ರದ್ದು 83 ದಿನ. ಎರಡೂ ಒಂದೇ ಧಾತುವಾದ್ದರಿಂದ ಯಾವ ಆಮ್ಲ, ಯಾವ ರೆಸಿನ್ನೂ ಅವನ್ನು ಬಿಡಿಸಲಾರವು. ಯಂತ್ರದ ಶಕ್ತಿ ಹೆಚ್ಚಿದ್ದರೆ ಮುಂದೆ ಅಲ್ಯೂಮಿನಿಯಂ ಹಾಳೆಯಿಟ್ಟು ತಗ್ಗಿಸಿ.

3. ಬಿಸಿಯ ಲೆಕ್ಕ ಮೊದಲೇ ಹಾಕಿ. 13 ಎಂಇವಿ ಪ್ರೋಟಾನ್‌ಗಳು 20 ಮೈಕ್ರೋಆಂಪಿಯರ್‌ನಲ್ಲಿ ಬಂದು ನಿಂತರೆ 260 ವಾಟ್. ಅಷ್ಟೂ ಬೀಳುವುದು ಉಗುರಗಲದ ಜಾಗಕ್ಕೆ. ಯಿಟ್ರಿಯಂ ಶಾಖವನ್ನು ಚೆನ್ನಾಗಿ ಸಾಗಿಸುವ ಲೋಹವಲ್ಲ. ಹಿಂದೆ ನೀರು, ಮುಂದೆ ಹೀಲಿಯಂ ಹರಿದರೂ, ಹಾಳೆ ಹಿಂಬದಿಯ ತಟ್ಟೆಗೆ ಬಿಗಿಯಾಗಿ ಕೂರದಿದ್ದರೆ ತಂಪು ಅದಕ್ಕೆ ತಲುಪುವುದಿಲ್ಲ.

4. ಕರೆಂಟ್ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಟಾರ್ಗೆಟ್‌ನಿಂದ, ಅಂದರೆ ಪ್ರೋಟಾನ್ ಬೀಳುವ ಹಾಳೆಯಿಂದ, ಎಲೆಕ್ಟ್ರಾನ್‌ಗಳು ಸಿಡಿದು ಹೋದರೆ ಮೀಟರ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಆಗಾಗ ತೆಳು ಟೈಟಾನಿಯಂ ಹಾಳೆಯನ್ನೂ ಇಟ್ಟು, ಅದರಲ್ಲಿ ಹುಟ್ಟಿದ ವನೇಡಿಯಂ-48 ಅಳೆದು ತಾಳೆ ನೋಡಿ.

5. ಕಬ್ಬಿಣವನ್ನು ದೂರವಿಡಿ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಳೆ ಕರಗಿಸುವಾಗ ಸ್ಟೀಲ್ ಚಿಮುಟ ಮುಟ್ಟಬಾರದು, ಪ್ಲಾಸ್ಟಿಕ್ ಬಳಸಿ. ಆ್ಯಂಟಿಬಾಡಿಗೆ ಜಿರ್ಕೋನಿಯಂ ಹಿಡಿದಿಡುವ ಡೆಸ್ಫೆರಾಕ್ಸಮೈನ್ ಅಸಲಿಗೆ ಥಲಸೇಮಿಯಾ ರೋಗಿಗಳ ದೇಹದಿಂದ ಹೆಚ್ಚುವರಿ ಕಬ್ಬಿಣ ತೆಗೆಯುವ ಔಷಧಿ. ದ್ರಾವಣದಲ್ಲಿ ಕಬ್ಬಿಣ ಇದ್ದರೆ ಜಾಗ ಅದರ ಪಾಲಾಗುತ್ತದೆ.

6. ಬೀಮ್ ನಿಂತಿತೆಂದು ಬಾಗಿಲು ತೆರೆಯಬೇಡಿ. ಅಲ್ಪಾಯುಷಿ ಐಸೊಟೋಪ್‌ಗಳು ಕ್ಷಯಿಸಲು ಬಿಡಿ. ಹಾಳೆ ತೆಗೆದ ಮೇಲೂ, ಬೀಮ್ ಹಾದುಬರುವ ಕೋಬಾಲ್ಟ್ ಮಿಶ್ರಲೋಹದ ಕಿಟಕಿ ತಿಂಗಳುಗಟ್ಟಲೆ ವಿಕಿರಣ ಸೂಸುತ್ತಿರುತ್ತದೆ. ಸರ್ವೆ ಮೀಟರ್ ನೋಡದೆ ಅದಕ್ಕೆ ಕೈ ಹಾಕುವಂತಿಲ್ಲ.

ಬೀಮ್ ಬಿಟ್ಟ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಕಡಿಮೆ. ಹಾಳೆಯ ದಪ್ಪ, ಶಕ್ತಿ, ತಂಪು, ಈ ಮೂರರ ಲೆಕ್ಕ ಹಿಂದಿನ ದಿನವೇ ನೋಟ್‌ಬುಕ್ಕಿನಲ್ಲಿ ಬರೆದಿರಲಿ.