ಕುಂಟುವ ಕರಿಯನ ಸಲುವಾಗಿ

ಚನ್ನಗಿರಿ

ಪ್ರೀತಿಯ ಪುಟ್ಟೀ,

ನಿನ್ನೆ ರಾತ್ರಿ ಫೋನಿನಲ್ಲಿ ಅಳುತ್ತಲೇ ಇದ್ದೆ. ನಾನು ಹೇಳಿದ್ದರಲ್ಲಿ ಅರ್ಧವೂ ಕಿವಿಗೆ ಬಿದ್ದಿರಲಿಕ್ಕಿಲ್ಲ, ಅದಕ್ಕೇ ಈ ಕಾಗದ. ಬೆಳಿಗ್ಗೆ ನೆಗೆದಾಡಿದ ಕರಿಯ ಸಂಜೆಗೆ ಕುಂಟಿದನೆಂದರೆ, ನಡುವೆ ಎಲ್ಲಿ ಸುತ್ತಿದ ಅಂತ ಮೊದಲು ನೆನಪು ಮಾಡಿಕೊ. ನಿಮ್ಮ ನ್ಯಾಮತಿ ಕಡೆ ಈಗ ಮೆಕ್ಕೆಜೋಳ ಕೊಯ್ದ ಹೊಲವೆಲ್ಲ ಕೂಳೆ. ಓರೆಯಾಗಿ ಕತ್ತರಿಸಿದ ಆ ದಂಟಿನ ಬುಡ ಚಪ್ಪಲಿಯನ್ನೇ ತೂರುತ್ತದೆ, ನಾಯಿಯ ಅಂಗಾಲು ಯಾವ ಲೆಕ್ಕ!

ಅಂಗಳದಲ್ಲಿ ನಿಧಾನಕ್ಕೆ ನಡೆಸಿ ನೋಡು. ನೋವು ಮುಂಗಾಲಿನಲ್ಲಿದ್ದರೆ ಆ ಕಾಲು ಊರುವಾಗ ತಲೆ ಎತ್ತುತ್ತಾನೆ, ಒಳ್ಳೆ ಕಾಲು ಊರುವಾಗ ತಗ್ಗಿಸುತ್ತಾನೆ. ವಿಡಿಯೊ ಮಾಡಿಟ್ಟುಕೊ. ಆಸ್ಪತ್ರೆ ಬಾಗಿಲಲ್ಲಿ ಎಷ್ಟೋ ನಾಯಿಗಳು ಹೆದರಿಕೆಗೆ ಕುಂಟುವುದನ್ನೇ ಮರೆಯುತ್ತವೆ, ಡಾಕ್ಟರನ್ನು ಕಂಡರೆ ಹೊಟ್ಟೆನೋವು ಮಾಯವಾಗುತ್ತಿದ್ದ ನಿಮ್ಮಪ್ಪನ ಹಾಗೆ.

ಕಾಲು ಮುಟ್ಟುವ ಮೊದಲು ಹಳೇ ವೇಲಿನಿಂದ ಮೂತಿಗೆ ಸಡಿಲವಾಗಿ ಒಂದು ಸುತ್ತು ಹಾಕು. ಏದುಸಿರು ಬಿಡುತ್ತಿದ್ದರೆ, ವಾಂತಿ ಮಾಡುತ್ತಿದ್ದರೆ ಮಾತ್ರ ಬೇಡ. ನೋವಾದರೆ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಕಚ್ಚಿದರೆ, ‘ನಮ್ಮ ಕರಿಯ ತಾನೆ’ ಅನ್ನಬೇಡ. ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗು.

ಆಮೇಲೆ ಒಂದೊಂದೇ ಬೆರಳ ಸಂದು ಬಿಡಿಸಿ ನೋಡು. ಮುಳ್ಳು, ಗಾಜಿನ ಚೂರು, ಸೀಳಿದ ಉಗುರು, ಅಲ್ಲೇ ಕೂತ ಉಣ್ಣೆ. ಉಣ್ಣೆ ಬಹಳವಿದ್ದು, ಮೈ ಕಾದು, ಊಟ ಬಿಟ್ಟಿದ್ದರೆ ಅದು ಉಣ್ಣೆಯಿಂದ ಬಂದ ಜ್ವರವಿರಬಹುದು. ಆ ಜ್ವರಕ್ಕೂ ಕೀಲು ನೊಂದು ನಾಯಿ ಕುಂಟುತ್ತದೆ. ರಕ್ತ ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ.

ಇಷ್ಟು ಬುದ್ಧಿ ನನಗೆ ಮೊದಲಿನಿಂದ ಇತ್ತೆಂದು ತಿಳಿಯಬೇಡ. ನಿಮ್ಮಪ್ಪ ಚಿಕ್ಕವನಿದ್ದಾಗ ತೋಟದ ನಾಯಿ ಕುಂಟಿತು. ಮೂಳೆ ಮುರಿದಿದೆ ಅಂತ ನಾನೇ ತೀರ್ಮಾನಿಸಿ, ಅಡಿಕೆ ಹಾಳೆ ಸೀಳಿ ಇಟ್ಟು, ಬಾಳೆನಾರಿನಲ್ಲಿ ಬಿಗಿದುಬಿಟ್ಟೆ. ಬೆಳಗಾಗುವಷ್ಟರಲ್ಲಿ ಪಾದ ಬೋಂಡದಂತೆ ಊದಿತ್ತು. ಬಿಚ್ಚಿ ನೋಡಿದರೆ ಎರಡು ಬೆರಳ ಮಧ್ಯೆ ಒಂದು ಜಾಲಿಮುಳ್ಳು! ನಿಮ್ಮಜ್ಜಿ ಚಿಮಟದಲ್ಲಿ ಎಳೆದು ತೆಗೆದಳು. ಅವತ್ತಿನ ಅವಳ ಮಾತು ಇಲ್ಲಿ ಬರೆಯುವಂಥದ್ದಲ್ಲ.

ನೀನು ‘ಅರ್ಧ ಪ್ಯಾರಾಸಿಟಮಾಲ್ ಕೊಡಲಾ’ ಅಂದೆಯಲ್ಲ, ಆಗ ಎದೆ ಧಸಕ್ಕೆಂದಿತು. ನಮ್ಮ ನೋವಿನ ಮಾತ್ರೆ ಯಾವುದೂ ಬೇಡ. ಪ್ಯಾರಾಸಿಟಮಾಲ್ ಲಿವರ್ ಕೆಡಿಸೀತು, ಐಬುಪ್ರೊಫೆನ್, ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಕಿಡ್ನಿಗೆ ಹೊಡೆತ ಕೊಟ್ಟಾವು. ಈ ಡೈಕ್ಲೊಫೆನಾಕ್ ಕೊಟ್ಟ ದನ ಸತ್ತಾಗ ಅದನ್ನು ತಿಂದೇ ನಮ್ಮ ದೇಶದ ರಣಹದ್ದುಗಳು ರಾಶಿ ರಾಶಿ ಸತ್ತದ್ದು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಅದನ್ನು ನಿಲ್ಲಿಸಿತು.

ಸಣ್ಣ ಮುಳ್ಳಾದರೆ ತೆಗೆದು, ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆ. ಆಳಕ್ಕೆ ಹೋಗಿದ್ದರೆ ಕೆದಕಬೇಡ. ಏನೂ ಕಾಣದೆ, ಕಾಲು ಊರುತ್ತಾ ಊಟ ಮಾಡುತ್ತಿದ್ದರೆ ಎರಡು ದಿನ ಕಟ್ಟಿಹಾಕು. ಓಟ, ಮೆಟ್ಟಿಲು ಎರಡೂ ಬಂದ್. ಕಾಲು ನೆಲಕ್ಕೇ ತಾಗಿಸದಿದ್ದರೆ, ಸೊಟ್ಟಗಾಗಿದ್ದರೆ, ಇದ್ದಕ್ಕಿದ್ದಂತೆ ಊದುತ್ತಿದ್ದರೆ (ಹಾವೂ ಇರಬಹುದು), ಹಿಂಗಾಲು ಎಳೆಯುತ್ತಿದ್ದರೆ ತಡಮಾಡದೆ ಪಶು ಆಸ್ಪತ್ರೆಗೆ ಹೊರಡು. ಎಕ್ಸ್‌ರೇ ಬೇಕೆಂದರೆ ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ.

ಬೆರಳ ಸಂದಿಯಲ್ಲಿ ಏನು ಸಿಕ್ಕಿತು ಅಂತ ಫೋನ್ ಮಾಡು. ನಿಮ್ಮಜ್ಜಿ ಆಗಲೇ ಎರಡು ಸಲ ಕೇಳಿದಳು, ನಾನೇನಾದರೂ ಹಾಳೆ ಕಟ್ಟು ಅಂತ ಹೇಳಿಕೊಟ್ಟೆನಾ ಎಂದು.

ಇಂತಿ,
ನಿನ್ನ ಅಜ್ಜ