ಫುಡ್ ಟ್ರಕ್ ನಿಲ್ಲುವ ನೆಲ ಯಾರದು?

ಬಂಗಾರಪೇಟೆಯ ತಿಳಿನೀರಿನ ಪಾನಿಪುರಿಯನ್ನು ಟೆಂಪೋದಲ್ಲಿಟ್ಟು ಚಾಂಪಿಯನ್ ರೀಫ್ಸ್‌ನಲ್ಲಿ ಸಂಜೆ ವ್ಯಾಪಾರ ಮಾಡೋಣ ಎಂದುಕೊಂಡವರು ಮೊದಲು ವಿಚಾರಿಸುವುದು ಲೈಸೆನ್ಸಿಗೆ ಎಷ್ಟಾಗುತ್ತದೆ ಎಂದು. ಅದಕ್ಕೂ ಮೊದಲು ತಿಳಿಯಬೇಕಾದ್ದು, ಗಾಡಿ ನಿಲ್ಲುವ ನೆಲ ಯಾರದು ಎನ್ನುವುದು. ಚಾಂಪಿಯನ್ ರೀಫ್ಸ್ ಇರುವ ಕೆಜಿಎಫ್‌ನಲ್ಲಿ ಈ ಪ್ರಶ್ನೆ ಬೇರೆ ಊರುಗಳಿಗಿಂತ ಗೋಜಲು. ರಸ್ತೆಬದಿ ರಾಬರ್ಟ್‌ಸನ್‌ಪೇಟೆ ನಗರಸಭೆಯದ್ದಾದರೆ, ಪಕ್ಕದ ಬಯಲು 2001ರಲ್ಲಿ ಗಣಿ ಮುಚ್ಚಿದ ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್) ಕಂಪನಿಯದ್ದಿರಬಹುದು. ಚಾಂಪಿಯನ್ ನಿಲ್ದಾಣದ ಅಂಗಳವಂತೂ ರೈಲ್ವೆಯದು.

ಇಲ್ಲಿ ಆಸರೆಗೆ ಬರುವುದು 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಅದರಲ್ಲಿ ಫುಡ್ ಟ್ರಕ್ ಎಂಬ ಹೆಸರಿಲ್ಲ. ಆದರೆ ಜಾಗದಿಂದ ಜಾಗಕ್ಕೆ ಸಾಗುತ್ತ ತಿಂಡಿ ಮಾರುವವರೂ ಬೀದಿಬದಿ ವ್ಯಾಪಾರಿಗಳೇ. ಸಂಚಾರಿ ವ್ಯಾಪಾರಿಗಳೆಂಬ ವರ್ಗವೇ ಉಂಟು. ಷರತ್ತು ಮಾತ್ರ ಬಿಗಿ. ವ್ಯಾಪಾರ ಪ್ರಮಾಣಪತ್ರ ಪಡೆಯಲು, ವ್ಯಾಪಾರವನ್ನು ನಾನೇ ಅಥವಾ ಮನೆಯವರೇ ನಡೆಸುತ್ತೇವೆ, ಬೇರೆ ಜೀವನೋಪಾಯವಿಲ್ಲ, ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವುದಿಲ್ಲ ಎಂದು ಬರೆದುಕೊಡಬೇಕು. ಕೆಲಸದಲ್ಲಿದ್ದುಕೊಂಡು, ಆಳಿಟ್ಟು ಎರಡು ಟ್ರಕ್ ಓಡಿಸುವವರಿಗೆ ಈ ಕಾಯ್ದೆಯ ರಕ್ಷಣೆ ಸಿಗದು. ಅವರು ನಗರಸಭೆಯ ಉದ್ದಿಮೆ ಪರವಾನಗಿಯ ದಾರಿ ಹಿಡಿಯಬೇಕು. ನನ್ನ ಮಟ್ಟಿಗೆ ಇದು ನ್ಯಾಯವೇ. ಹೂಡಿಕೆದಾರನ ಟ್ರಕ್ಕಿಗಾಗಿ ತಳ್ಳುಗಾಡಿಯ ಅಜ್ಜಿ ಜಾಗ ಬಿಡುವಂತಾಗಬಾರದು.

ಪ್ರಮಾಣಪತ್ರದ ಅರ್ಜಿ ಹೋಗಬೇಕಾದ್ದು ಚಾಂಪಿಯನ್ ರೀಫ್ಸ್‌ನವರಿಗಾದರೆ ನಗರಸಭೆಗೆ, ಬಂಗಾರಪೇಟೆಯವರಿಗಾದರೆ ಅಲ್ಲಿನ ಪುರಸಭೆಗೆ. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಎರಡು ಸಮೀಕ್ಷೆಗಳ ನಡುವೆ ಬಂದ ಹೊಸಬರಿಗೂ ಜಾಗದ ಮಿತಿ ನೋಡಿ ಪ್ರಮಾಣಪತ್ರ ಕೊಡಲು ಅವಕಾಶವಿದೆ. ಎಲ್ಲಿ ಮಾರಬಹುದು, ಎಲ್ಲಿ ಕೂಡದು ಎಂಬ ಯೋಜನೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿಯ ಮಾತಿಗೆ ಬೆಲೆಯಿದೆ. ಅದರಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳು. ಜನಜಂಗುಳಿ ಎಂಬ ಒಂದೇ ನೆಪಕ್ಕೆ ಒಂದು ಜಾಗವನ್ನು ವ್ಯಾಪಾರ ನಿಷೇಧ ವಲಯ ಮಾಡುವಂತಿಲ್ಲ. ಇದು ಬಹಳಷ್ಟು ಅಧಿಕಾರಿಗಳಿಗೂ ನೆನಪಿರುವುದಿಲ್ಲ!

ರೈಲ್ವೆ ಜಾಗಕ್ಕೆ ಮಾತ್ರ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ನಗರಸಭೆಯ ಚೀಟಿ ತೋರಿಸಿದರೂ ನಿಲ್ದಾಣದೊಳಗೆ ನಡೆಯದು. ಬಿಜಿಎಂಎಲ್ ಜಾಗವಾದರೆ ಕಂಪನಿಯ ಒಪ್ಪಿಗೆ ಲಿಖಿತವಾಗಿರಲಿ. ಕಾವಲುಗಾರ ತಲೆಯಾಡಿಸಿದ್ದು ಒಪ್ಪಿಗೆಯಲ್ಲ.

ಗಾಡಿ ಎತ್ತಿಸಲು ಬಂದರೆ ಏನು ಕೇಳಬೇಕು? ತೆರವಿಗೆ 30 ದಿನ ಮೊದಲು ನೋಟಿಸ್ ಕೊಟ್ಟಿದ್ದೀರಾ ಎಂದು. ಸಾಮಾನು ಜಪ್ತಿ ಮಾಡಿದರೆ ಅಧಿಕಾರಿ ಸಹಿ ಹಾಕಿದ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ. ಶುಲ್ಕ ಕಟ್ಟಿ ಬೇಡಿಕೆ ಸಲ್ಲಿಸಿದರೆ ಕೆಡುವ ಪದಾರ್ಥಗಳನ್ನು ಅಂದೇ, ಉಳಿದವನ್ನು ಎರಡು ಕೆಲಸದ ದಿನಗಳಲ್ಲಿ ಮರಳಿಸಬೇಕು. ಪ್ರಮಾಣಪತ್ರದ ಷರತ್ತಿನಂತೆ ವ್ಯಾಪಾರ ಮಾಡುವವರನ್ನು ಪೊಲೀಸರೂ ತಡೆಯುವಂತಿಲ್ಲ ಎನ್ನುತ್ತದೆ 27ನೇ ಕಲಂ. ಪ್ರಮಾಣಪತ್ರವಿಲ್ಲದೆ ಮಾರಿದರೆ, ಷರತ್ತು ಮೀರಿದರೆ ದಂಡ 2000 ರೂಪಾಯಿವರೆಗೆ. ಪ್ರಮಾಣಪತ್ರ ರದ್ದು ಮಾಡುವ ಮುನ್ನ ನಿಮ್ಮ ಮಾತು ಕೇಳಲೇಬೇಕು.

ಟ್ರಕ್ಕಿಗೇ ಬೇರೆ ಕಾಗದಗಳಿವೆ. ಗಾಡಿಯ ಬಾಡಿ ಬದಲಿಸಿ ಒಲೆ, ಕೌಂಟರ್ ಕೂರಿಸುವ ಮೊದಲು ಕೆಜಿಎಫ್ ಆರ್‌ಟಿಒ ಅನುಮತಿ ಪಡೆಯಿರಿ. ಆರ್‌ಸಿಯಲ್ಲಿ ಇಲ್ಲದ ಮಾರ್ಪಾಡು ಅಪಘಾತವಾದಾಗ ವಿಮೆಯ ಹಣಕ್ಕೇ ಕೊಕ್ಕೆ ಹಾಕೀತು. ಆಹಾರ ಸುರಕ್ಷತಾ ಕಾಯ್ದೆಯಡಿ ಸಣ್ಣ ವ್ಯಾಪಾರಿಗಳಿಗೆ ಸಾಕಾಗುವುದು ನೋಂದಣಿ. ಅದನ್ನು ಆನ್‌ಲೈನಿನಲ್ಲೇ ಮಾಡಿಸಬಹುದು. ಸಿಲಿಂಡರ್ ವಾಣಿಜ್ಯ ಬಳಕೆಯದೇ ಆಗಿರಬೇಕು, ಮನೆಯದನ್ನು ತಂದಿಡುವಂತಿಲ್ಲ.

ಕಚೇರಿಯಲ್ಲಿ ‘ಸಮಿತಿ ಇನ್ನೂ ಆಗಿಲ್ಲ, ಆಮೇಲೆ ಬನ್ನಿ’ ಎಂದರೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯದೆ ಬರಬೇಡಿ. ಸಮಿತಿ ಯಾವಾಗ ರಚನೆಯಾಯಿತು, ಕೊನೆಯ ಸಭೆಯ ನಡಾವಳಿ ಏನು, ವ್ಯಾಪಾರ ವಲಯಗಳ ಪಟ್ಟಿ ಎಲ್ಲಿದೆ ಎಂದು 10 ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಹಾಕಿ.