ಇಶಿಯ ಬಿಲ್ಲು

ಬಿಲ್ಲು ಎಂದೊಡನೆ ನಮ್ಮ ಮನಸ್ಸು ಗಾಂಡೀವದ ಕಡೆಗೋ ಏಕಲವ್ಯನ ಕಡೆಗೋ ಓಡುತ್ತದೆ. ಹೆದೆ, ಕೊಪ್ಪು, ಬತ್ತಳಿಕೆ, ಅಲಗು ಎಂಬ ಮಾತುಗಳು ಕಾವ್ಯವನ್ನು ಓದಿದವರಿಗೆಲ್ಲ ಪರಿಚಿತವಾದವು. ಆದರೆ ಆ ಬಿಲ್ಲು ಯಾವ ಮರದ್ದು, ಹೆದೆ ಯಾವ ನಾರಿನದು, ಅದನ್ನು ಮಾಡಿದ ಕೈ ಯಾರದು ಎಂದು ನಾವು ವಿಚಾರಿಸುವುದು ಅಪೂರ್ವ. ಅಮೆರಿಕ ದೇಶದ ಬೇಟೆಬಿಲ್ಲಿನ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ. ಬೇಟೆಯನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ಒಂದು ವಿದ್ಯೆ ಯಾರಿಂದ ಯಾರಿಗೆ ಬಂದಿತು, ಬರುವ ದಾರಿಯಲ್ಲಿ ಏನನ್ನು ಗಳಿಸಿತು, ಏನನ್ನು ಕಳೆದುಕೊಂಡಿತು ಎಂಬುದಷ್ಟೇ ಇಲ್ಲಿಯ ವಿಚಾರ.

1911ರ ಆಗಸ್ಟ್ 29ರಂದು ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿನ ಕಸಾಯಿಖಾನೆಯ ಬಳಿ, ಹಸಿವಿನಿಂದ ಬಳಲಿದ್ದ ಒಬ್ಬ ಮನುಷ್ಯ ಕಾಣಿಸಿಕೊಂಡನು. ವಯಸ್ಸು ಸುಮಾರು ಐವತ್ತು. ಅವನ ಮಾತು ಅಲ್ಲಿ ಯಾರಿಗೂ ತಿಳಿಯಲಿಲ್ಲ. ಅವನು ಯಾಹಿ ಎಂಬ ಮೂಲನಿವಾಸಿ ಜನಾಂಗದ ಕೊನೆಯವನು. ಅವನ ಜನರಲ್ಲಿ ಬಹುಮಂದಿಯನ್ನು 1860ರ ದಶಕದಲ್ಲಿ ಬಿಳಿಯ ವಲಸೆಗಾರರು ಕೊಂದಿದ್ದರು. ಅಳಿದುಳಿದವರು ಬೆಟ್ಟದ ಕಣಿವೆಗಳಲ್ಲಿ ಹಲವು ದಶಕ ಅಡಗಿ ಬಾಳಿ, ಒಬ್ಬೊಬ್ಬರಾಗಿ ತೀರಿಕೊಂಡಿದ್ದರು. ಮಾನವಶಾಸ್ತ್ರಜ್ಞರಾದ ಕ್ರೋಬರ್ ಮತ್ತು ವಾಟರ್‌ಮನ್ ಎಂಬುವರು ಅವನನ್ನು ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾನಿಲಯದ ವಸ್ತುಸಂಗ್ರಹಾಲಯದಲ್ಲಿ ಇರಿಸಿದರು. ತನ್ನ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ. ಇತರರು ಕರೆದ ‘ಇಶಿ’ ಎಂಬುದಕ್ಕೆ ಅವನ ಭಾಷೆಯಲ್ಲಿ ‘ಮನುಷ್ಯ’ ಎಂದರ್ಥ, ಅಷ್ಟೆ.

ಪಕ್ಕದ ವೈದ್ಯಕೀಯ ಶಾಲೆಯಲ್ಲಿ ಸ್ಯಾಕ್ಸ್‌ಟನ್ ಪೋಪ್ ಎಂಬ ಶಸ್ತ್ರವೈದ್ಯರು ಅಧ್ಯಾಪಕರಾಗಿದ್ದರು. ಅವರು ಇಶಿಯ ಚಿಕಿತ್ಸಕರಾಗಿ ಬಂದು ಶಿಷ್ಯರಾದರು. ಇಶಿ ಬಿಲ್ಲನ್ನು ಮಾಡುತ್ತಿದ್ದ ಕ್ರಮವನ್ನು ಅವರು ಒಂದೊಂದಾಗಿ ಬರೆದಿಟ್ಟರು. ಅಳತೆಗೆ ಕೋಲು ಬೇಕಿರಲಿಲ್ಲ. ಬಲಗೈಯನ್ನು ಸೊಂಟದ ಬಳಿ ಇಟ್ಟು, ಎಡಗೈಯನ್ನು ಭುಜದ ನೇರಕ್ಕೆ ಚಾಚಿದಾಗ ಎರಡು ಕೈಗಳ ನಡುವೆ ಎಷ್ಟು ದೂರವೋ ಅಷ್ಟೇ ಬಿಲ್ಲಿನ ಉದ್ದ. ಇಶಿಗೆ ಅದು ಸುಮಾರು 42 ಅಂಗುಲವಾಗುತ್ತಿತ್ತು. ಬೆಟ್ಟದ ಜೂನಿಪರ್ ಮರದ ಕೊಂಬೆಯನ್ನು ಹದವಾಗಿ ಒಣಗಿಸುವುದು, ಜಿಂಕೆಯ ಕಾಲಿನ ನರಗಳನ್ನು ಬಾಯಲ್ಲಿ ಅಗಿದು ಮೆತ್ತಗೆ ಮಾಡುವುದು, ಸಾಲ್ಮನ್ ಮೀನಿನ ಚರ್ಮವನ್ನು ಬೇಯಿಸಿ ತೆಗೆದ ಅಂಟಿನಿಂದ ಅವನ್ನು ಬಿಲ್ಲಿನ ಬೆನ್ನಿಗೆ ಅಂಟಿಸುವುದು—ಹೀಗೆ ಕೆಲಸ ಸಾಗುತ್ತಿತ್ತು. ಬಿಲ್ಲು ಬಾಗಿದಾಗ ಅದರ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಹಿಗ್ಗುವ ಕಡೆ ಮರ ಸೀಳದಂತೆ ನರವು ತಡೆಯುತ್ತದೆ. ಭೌತಶಾಸ್ತ್ರದ ಪಾಠವಿಲ್ಲದೆ ಕೈಯೇ ಕಂಡುಕೊಂಡಿದ್ದ ತತ್ತ್ವವಿದು.

ಬಾಣಕ್ಕೆ ವಿಚ್ ಹೇಜಲ್ ಗಿಡದ ಕಡ್ಡಿ. ಅದನ್ನು ಕೆಂಡದ ಶಾಖದಲ್ಲಿ ನೇರಮಾಡಿ, ಮರಳುಕಲ್ಲಿನ ಎರಡು ತುಂಡುಗಳ ನಡುವೆ ಉಜ್ಜಿ ನಯಗೊಳಿಸಬೇಕು. ಅಲಗು ಜ್ವಾಲಾಮುಖಿಯ ಕರಿಗಾಜಿನದು. ಜಿಂಕೆಯ ಕೊಂಬಿನ ಮೊನೆಯಿಂದ ಒತ್ತಿ ಒತ್ತಿ ಚಕ್ಕೆ ಎಬ್ಬಿಸಿ ಅದಕ್ಕೆ ಆಕಾರ ಕೊಡುತ್ತಿದ್ದನು. ನಾಗರಿಕರು ಎಸೆದ ಸೀಸೆಯ ಗಾಜೂ ಅವನಿಗೆ ಸಾಕಾಗುತ್ತಿತ್ತು. ಬತ್ತಳಿಕೆ ನೀರುನಾಯಿಯ ಚರ್ಮದ್ದು. ಬಿಲ್ಲನ್ನು ನಿಲ್ಲಿಸಿ ಇಡಬಾರದು, ಮಲಗಿಸಬೇಕು, ನಿಂತ ಬಿಲ್ಲು ದುಡಿಯುತ್ತಲೇ ಇದ್ದು ಬೆವರಿ ದಣಿಯುತ್ತದೆ ಎಂಬುದು ಅವನ ನಂಬಿಕೆ. ಹೆದೆಯನ್ನು ಎಳೆಯುತ್ತಿದ್ದುದು ಹೆಬ್ಬೆರಳಿನಿಂದ! ಏಕಲವ್ಯನ ಕಥೆಯನ್ನು ಬಲ್ಲ ನಮಗೆ ಈ ಸಂಗತಿ ನಾಟದೆ ಇರದು.

ಇಶಿಯ ಬಿಲ್ಲಿನ ಬಲ ಸುಮಾರು 40 ಪೌಂಡು. ದೂರದ ಗುರಿಗೆ ಇದು ಸಾಲದು. ಆದಕಾರಣ ಬೇಟೆಗಾರನೇ ಹತ್ತಿರ ಹೋಗಬೇಕು, ಇಲ್ಲವೆ ಪ್ರಾಣಿಯನ್ನು ಹತ್ತಿರ ಕರೆಯಬೇಕು. ಇಶಿ ಬೇಟೆಗೆ ಮೊದಲು ಹೊಳೆಯಲ್ಲಿ ಮೀಯುತ್ತಿದ್ದನು. ಮೀನು, ಹೊಗೆಸೊಪ್ಪುಗಳನ್ನು ಮುಟ್ಟುತ್ತಿರಲಿಲ್ಲ. ಮೊಲದ ಚೀರಾಟವನ್ನೂ ಜಿಂಕೆಮರಿಯ ಕೂಗನ್ನೂ ಅನುಕರಿಸುತ್ತಿದ್ದನು. ಬಿಲ್ಲಿನ ಕೊರತೆಯನ್ನು ಮನುಷ್ಯನ ತಿಳಿವಳಿಕೆ ತುಂಬುತ್ತಿತ್ತು ಎಂದರೆ ತಪ್ಪಾಗಲಾರದು.

1916ರ ಮಾರ್ಚಿ 25ರಂದು ಇಶಿ ಕ್ಷಯರೋಗದಿಂದ ತೀರಿಕೊಂಡನು. ಪೋಪ್ ಅವರು ಆರ್ಥರ್ ಯಂಗ್ ಎಂಬ ಗೆಳೆಯನೊಡನೆ ಬೇಟೆಯನ್ನು ಮುಂದುವರಿಸಿದರು. ಅವರ ಬಿಲ್ಲು ಇಂಗ್ಲಿಷ್ ಮಾದರಿಯ ಯೂ ಮರದ ಉದ್ದಬಿಲ್ಲು. ಹೆದೆ ಲಿನನ್ ದಾರದ್ದು, ಬಾಣ ಬರ್ಚ್ ಮರದ್ದು, ಗರಿ ಟರ್ಕಿ ಕೋಳಿಯದು, ಅಲಗು ಉಕ್ಕಿನದು. ಪೋಪರ ‘ಹಂಟಿಂಗ್ ವಿತ್ ದಿ ಬೋ ಅಂಡ್ ಆ್ಯರೋ’ ಎಂಬ ಗ್ರಂಥ 1923ರಲ್ಲಿ ಪ್ರಕಟವಾಯಿತು. 1927ರಲ್ಲಿ ಯಂಗ್‌ನ ಅಲಾಸ್ಕಾ ಬೇಟೆಯ ಚಲನಚಿತ್ರವನ್ನು ಫ್ರೆಡ್ ಬೇರ್ ಎಂಬ ತರುಣನು ಕಂಡನು. 1933ರಲ್ಲಿ ಆತನು ಡೆಟ್ರಾಯಿಟ್‌ನಲ್ಲಿ ಆರಂಭಿಸಿದ ಉದ್ಯಮ 1947ರಲ್ಲಿ ಗ್ರೇಲಿಂಗ್ ಊರಿನ ಕಾರ್ಖಾನೆಯಾಗಿ ಬೆಳೆಯಿತು. ಅಲ್ಲಿ ಮರದ ಪದರಗಳಿಗೆ ಗಾಜಿನ ನಾರಿನ ಪಟ್ಟಿ ಅಂಟಿಸಿದರು. ಜಿಂಕೆಯ ನರ ಮಾಡುತ್ತಿದ್ದ ಕೆಲಸವನ್ನು ಈಗ ಫೈಬರ್‌ಗ್ಲಾಸ್ ಮಾಡತೊಡಗಿತು. ಬಾಣದ ಮರಕ್ಕೆ ಬದಲಾಗಿ ಅಲ್ಯೂಮಿನಿಯಂ ಕೊಳವೆಯನ್ನು ಡಗ್ಲಸ್ ಈಸ್ಟನ್ 1939ರಲ್ಲಿ ಬಳಸಿದ್ದನು. ಮರದ ಬಾಣಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಲೋಹದ ಬಾಣಗಳೆಲ್ಲ ಒಂದೇ ತೂಕ, ಒಂದೇ ಬಿಗಿ.

ಬಳಿಕ ಬಂದುದು ರಾಟೆಬಿಲ್ಲು. ಮಿಸ್ಸೌರಿಯ ಹಾಲೆಸ್ ಆಲನ್ ಎಂಬಾತನು 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಅದರ ಹಕ್ಕುಪತ್ರ ಪಡೆದನು. ಹಳೆಯ ಬಿಲ್ಲಿನಲ್ಲಿ ಹೆದೆಯನ್ನು ಎಳೆದಷ್ಟೂ ಭಾರ ಹೆಚ್ಚುತ್ತದೆ. ಪೂರ್ಣ ಎಳೆದಾಗ ಅಷ್ಟೂ ಭಾರ ಬೆರಳುಗಳ ಮೇಲೆಯೇ. ರಾಟೆಬಿಲ್ಲಿನಲ್ಲಾದರೋ ಒಂದು ಘಟ್ಟವನ್ನು ದಾಟಿದ ಮೇಲೆ ಭಾರ ಇಳಿಯುತ್ತದೆ. ಗುರಿ ಹಿಡಿಯಲು ಸಾವಕಾಶ ಸಿಗುತ್ತದೆ.

ಈ ಹೆಜ್ಜೆಗಳನ್ನು ಒಟ್ಟಾಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೊದಲು ಮನುಷ್ಯನಲ್ಲಿದ್ದ ಶ್ರಮವೂ ಜಾಣ್ಮೆಯೂ ಒಂದೊಂದಾಗಿ ಉಪಕರಣದೊಳಕ್ಕೆ ಇಳಿದವು. ಇದು ಪ್ರಗತಿಯಲ್ಲವೆನ್ನಲಾಗದು, ನೇರವಾಗಿ ತಾಗುವ ಬಾಣ ಪ್ರಾಣಿಯ ನರಳಾಟವನ್ನು ಕಡಮೆ ಮಾಡುತ್ತದೆ. ಆದರೆ ಕಾರ್ಖಾನೆಯ ಬಿಲ್ಲನ್ನು ಕೊಂಡವನಿಗೆ ಮರ ಯಾವುದು, ಅಂಟು ಯಾವುದು ಎಂಬುದು ತಿಳಿಯಬೇಕಾಗಿಲ್ಲ. ತಿಳಿಯಬೇಕಾಗಿಲ್ಲದ್ದು ಮರೆತುಹೋಗಲು ತಡವಾಗದು.

ಮರೆವು ಉಪಕರಣದೊಂದಿಗೆ ನಿಲ್ಲುವುದಿಲ್ಲ. 1961ರಲ್ಲಿ ಅಲ್ಲಿಯ ಬಿಲ್ಲುಬೇಟೆಗಾರರು ಒಂದು ಸಂಘ ಕಟ್ಟಿ ಅದಕ್ಕೆ ‘ಪೋಪ್ ಅಂಡ್ ಯಂಗ್ ಕ್ಲಬ್’ ಎಂದು ಹೆಸರಿಟ್ಟರು. ಶಿಷ್ಯರ ಹೆಸರು ನಿಂತಿತು. ಗುರುವಿನ ಹೆಸರು ಅದರಲ್ಲಿ ಸೇರಲಿಲ್ಲ. ಪೋಪರು ಮಾತ್ರ ಕೃತಘ್ನರಲ್ಲ. ತಮ್ಮ ಗ್ರಂಥದ ಮೊದಲ ಅಧ್ಯಾಯವನ್ನೇ ಇಶಿಯ ಕಥೆಗೆ ಮೀಸಲಿಟ್ಟರು. ವಿಜ್ಞಾನದ ಹೆಸರಿನಲ್ಲಿ ತೆಗೆದಿಟ್ಟಿದ್ದ ಇಶಿಯ ಮೆದುಳು ಅವನ ಬಂಧುಜನಾಂಗದವರಿಗೆ ಮರಳಿ ದೊರೆತುದು 2000ನೆಯ ಇಸವಿಯಲ್ಲಿ.

ಏಕಲವ್ಯನ ಕಥೆಯಲ್ಲಿ ಕಾಡಿನವನು ಶಿಷ್ಯ. ಇಲ್ಲಿ ಕಾಡಿನವನೇ ದ್ರೋಣ. ಇವನು ಯಾರ ಬೆರಳನ್ನೂ ಕೇಳಲಿಲ್ಲ. ತನ್ನವರನ್ನು ಕೊಂದ ಜನದ ನಡುವೆಯೇ ಕುಳಿತು ತನಗೆ ತಿಳಿದುದನ್ನು ಬಚ್ಚಿಡದೆ ಕಲಿಸಿದನು. ಅಕ್ಷರವೇ ವಿದ್ಯೆಯೆಂದು ಭಾವಿಸಿ ಕಾಲೇಜಿಗೆ ಬಂದಿರುವ ನಾವು, ಅಕ್ಷರ ತಿಳಿಯದ ಕೈಗಳಲ್ಲಿ ಎಷ್ಟು ವಿದ್ಯೆ ಇರಬಹುದೆಂಬುದನ್ನು ಇಶಿಯ ಬಿಲ್ಲಿನಿಂದ ಕಲಿಯಬಹುದು. ನಮ್ಮ ನಮ್ಮ ಮನೆಗಳ ಹಿರಿಯರ ಕೈಯಲ್ಲಿಯೂ ಇಂಥ ವಿದ್ಯೆ ಇನ್ನೂ ಇದೆ. ಅವರು ಇರುವಾಗಲೇ ಕೇಳಿ ಬರೆದಿಡುವುದು, ಬರೆದಾಗ ಅವರ ಹೆಸರನ್ನು ಮೊದಲು ಹೇಳುವುದು ಓದಿದವರು ಸಲ್ಲಿಸಬೇಕಾದ ಗುರುದಕ್ಷಿಣೆ.